ಫ್ಲೈಓವರ್ ಮಾತು ಆಮೇಲೆ, ಮೊದಲು ನಕ್ಷೆ ತೋರಿಸಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೊನ್ನಾವರದಲ್ಲಿ ಫ್ಲೈಓವರ್ ಬೇಕು ಅನ್ನುವ ಕೂಗು ಇವತ್ತಿನದಲ್ಲ. ಮನವಿ ಕೊಟ್ಟಾಗಿದೆ, ಪ್ರತಿಭಟನೆ ಆಗಿದೆ, ಚುನಾವಣೆ ಬಂದಾಗ ಮತ್ತೆ ಅದೇ ಮಾತು ಎದ್ದಿದೆ. ಆದರೆ ಇಷ್ಟು ವರ್ಷ ನಾವು ಕಿತ್ತಾಡಿದ್ದು ಎರಡೇ ವಿಷಯಕ್ಕೆ. ಫ್ಲೈಓವರೋ ಬೈಪಾಸೋ, ಹೆದ್ದಾರಿಯ ಅಗಲ 30 ಮೀಟರೋ 45 ಮೀಟರೋ. ಎರಡು ಹೆದ್ದಾರಿ ಸೇರುವ ಸರ್ಕಲ್, ಅದರಾಚೆಗಿನ ಶರಾವತಿ ಸೇತುವೆ, ಇವೆರಡರ ನಡುವೆ ದಿನಾ ರಸ್ತೆ ದಾಟುವ ಜನ, ಈ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ಊರಿಗೆ ತೋರಿಸಿ ಅಂತ ಗಟ್ಟಿಯಾಗಿ ಕೇಳಿದವರು ಕಮ್ಮಿ. ಅದನ್ನು ಕೇಳಲಿಕ್ಕೇ ಈ ಪತ್ರ.

ಬೇರೆ ಜಿಲ್ಲೆಯ ಓದುಗರಿಗೂ ಗೊತ್ತಾಗಲಿ ಅಂತ ಜಾಗದ ಬಗ್ಗೆ ಎರಡು ಮಾತು. ಕಾರವಾರ, ಕುಮಟಾ ಕಡೆಯಿಂದ ಹೆದ್ದಾರಿ 66 ಬರುತ್ತದೆ. ಸಾಗರದ ಕಡೆಯಿಂದ ಘಾಟಿ ಇಳಿದು ಗೇರುಸೊಪ್ಪೆ ಮೇಲೆ ಇನ್ನೊಂದು ಹೆದ್ದಾರಿ ಬಂದು ಇಲ್ಲೇ ಸೇರುತ್ತದೆ. ನಾವು ಈಗಲೂ ಅದನ್ನು 206 ಅಂತಲೇ ಕರೆಯುತ್ತೇವೆ, ಸರ್ಕಾರದ ಹೊಸ ಲೆಕ್ಕದಲ್ಲಿ ಅದು 69. ದಕ್ಷಿಣಕ್ಕೆ ಹೊರಟರೆ ಶರಾವತಿ, ಅದರ ಮೇಲೆ ಸೇತುವೆ, ಆಚೆ ದಡದಲ್ಲಿ ಕಾಸರಕೋಡು. ಮುಂಬೈ ಕಡೆಗೆ ಹೋಗುವ ಗ್ಯಾಸ್ ಟ್ಯಾಂಕರ್, ಶಿವಮೊಗ್ಗಕ್ಕೆ ಹೋಗುವ ಮೀನಿನ ಲಾರಿ, ಜೋಗಕ್ಕೆ ಹೊರಟ ಪ್ರವಾಸಿ ಬಸ್ಸು, ಕಾಸರಕೋಡಿನಿಂದ ಶಾಲೆಗೆ ಬರುವ ಮಕ್ಕಳ ಟೆಂಪೊ, ಎಲ್ಲವೂ ಒಂದು ಸಣ್ಣ ಪೇಟೆಯ ಬಾಯಲ್ಲಿ ಎದುರುಬದುರಾಗುತ್ತವೆ.

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಅಲ್ಲಿ ಹತ್ತು ನಿಮಿಷ ನಿಂತು ನೋಡಿ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು ರಸ್ತೆ ದಾಟುವಾಗ ಬರೀ ಕತ್ತು ತಿರುಗಿಸಿ ನೋಡಲಿಕ್ಕೆ ಆಗುವುದಿಲ್ಲ. ಇಡೀ ಮೈ ತಿರುಗಿಸಬೇಕು. ಒಮ್ಮೆ ಬಲಕ್ಕೆ ತಿರುಗಿ ನೋಡಿ, ಎಡಕ್ಕೆ ತಿರುಗುವಷ್ಟರಲ್ಲಿ ಬಲಗಡೆಯಿಂದ ಇನ್ನೊಂದು ಲಾರಿ ಬಂದಿರುತ್ತದೆ. ಕೊನೆಗೆ ಯಾವನೋ ರಿಕ್ಷಾದವನು ಗಾಡಿ ನಿಲ್ಲಿಸಿ ಕೈ ತೋರಿಸಿದರೆ ದಾಟುತ್ತಾರೆ, ಇಲ್ಲದಿದ್ದರೆ ಅರ್ಧ ರಸ್ತೆಯಲ್ಲಿ ನಿಲ್ಲುತ್ತಾರೆ. ಮೀನಿನ ಲಾರಿಗಳಿಂದ ಐಸ್ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ತಿರುವಿನಲ್ಲಿ ಬ್ರೇಕ್ ಹಾಕಿದಾಗ ಜಾಸ್ತಿ ಚೆಲ್ಲುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಅಲ್ಲಿ ರಸ್ತೆ ಜಾರುತ್ತದೆ, ಮತ್ತು ಬೀಳುವವರು ಬೈಕಿನವರು. ಇಂಥದ್ದೆಲ್ಲ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಅಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಇದು ನಮ್ಮೂರಿನ ಸಣ್ಣ ತಾಪತ್ರಯ ಅಂತ ಯಾರಿಗಾದರೂ ಅನ್ನಿಸಿದರೆ ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಗಳನ್ನೇ ನೋಡಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ರಾಷ್ಟ್ರೀಯ ಹೆದ್ದಾರಿ ಅನ್ನುವುದು ದೇಶದ ಒಟ್ಟು ರಸ್ತೆಯಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ, ಆದರೆ ಸಾವಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಅಲ್ಲೇ ಆಗುತ್ತಿದೆ. ಇನ್ನು "ಬ್ಲ್ಯಾಕ್ ಸ್ಪಾಟ್" ಅಂತ ಒಂದು ಲೆಕ್ಕ ಇದೆಯಲ್ಲ, ಅದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಸುಮಾರು 500 ಮೀಟರ್ ಒಳಗೆ, ಮೂರು ವರ್ಷದಲ್ಲಿ, ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆಗ ಆ ಜಾಗ ಪಟ್ಟಿಗೆ ಸೇರುತ್ತದೆ, ಆಮೇಲೆ ದುರಸ್ತಿಯ ಮಾತು. ಹೊಸದಾಗಿ ಯೋಜನೆ ಮಾಡುವಾಗ ಈ ಪಟ್ಟಿ ನೋಡಿಕೊಂಡು ಕೂತರೆ ಹೇಗೆ? ಯಾರೂ ಸಾಯುವ ಮೊದಲೇ ಸರಿ ಮಾಡಲಿಕ್ಕೆ ಇರುವ ಅವಕಾಶ ಅಂದರೆ ಯೋಜನೆಯ ಹಂತ ಒಂದೇ ಅಲ್ವಾ?

ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಲ್‌ನ ತೊಂದರೆ ಸರ್ಕಲ್‌ನಲ್ಲಿ ಹುಟ್ಟುವುದಿಲ್ಲ, ಸೇತುವೆಯ ಮೇಲೆ ಹುಟ್ಟುತ್ತದೆ. ಶರಾವತಿ ಸೇತುವೆ ಉದ್ದಕ್ಕೆ, ನೇರಕ್ಕೆ ಇದೆ. ಅಡ್ಡ ಬರುವವರಿಲ್ಲ, ಅಂಗಡಿ ಇಲ್ಲ, ದನ ಇಲ್ಲ. ಎಂಥ ಚಾಲಕನಾದರೂ ಅಲ್ಲಿ ಆಕ್ಸಿಲರೇಟರ್ ಒತ್ತುತ್ತಾನೆ. ಸೇತುವೆ ಇಳಿಯುತ್ತಿದ್ದ ಹಾಗೆ ಪೇಟೆ ಬಂದೇ ಬಿಡುತ್ತದೆ, ಗಾಡಿಯ ವೇಗ ಮಾತ್ರ ಸೇತುವೆಯದ್ದೇ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಿದ್ದಮೇಲೆ ವೇಗ ಇಳಿಸುವ ಕೆಲಸ ಸೇತುವೆಯ ಮೇಲಿಂದಲೇ ಶುರುವಾಗಬೇಕು. ಸೇತುವೆಯ ಕೊನೆಯ ಭಾಗದಲ್ಲಿ ಬಣ್ಣದ ಪಟ್ಟಿ, ಸಾಲು ಕಿರಿದಾಗಿಸುವ ಗುರುತು, ಇಳಿದ ತಕ್ಷಣ ಪೇಟೆ ಶುರುವಾಯಿತು ಅಂತ ಕಣ್ಣಿಗೆ ಹೊಡೆಯುವ ಹಾಗೆ ದೀಪ, ಫಲಕ. ಆದರೆ ಸೇತುವೆಗೆ ಬೇರೆ ಫೈಲು, ಸರ್ಕಲ್‌ಗೆ ಬೇರೆ ಫೈಲು, ಚರಂಡಿಗೆ ಇನ್ನೊಂದು ಇಲಾಖೆ ಅಂತ ಆದರೆ ಇದನ್ನು ಯೋಚಿಸುವವರು ಯಾರು?

ಸೇತುವೆಯ ಮೇಲೆ ನಡೆಯುವವರ ಕಥೆಯೂ ಹಾಗೇ. ರಸ್ತೆ, ಸೇತುವೆ ಹೇಗಿರಬೇಕು ಅಂತ ಮಾನದಂಡ ಮಾಡುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್. ಅದರ ನಿಯಮದಲ್ಲಿ ಸೇತುವೆಯ ಫುಟ್‌ಪಾತ್ ಕಡೇಪಕ್ಷ ಒಂದೂವರೆ ಮೀಟರ್ ಇರಬೇಕು. ಪೇಟೆಯ ವ್ಯಾಪಾರದ ಜಾಗದಲ್ಲಿ ಕಡೇಪಕ್ಷ ಎರಡೂವರೆ ಮೀಟರ್ ಖಾಲಿ ಜಾಗ ಬೇಕು ಅಂತಲೂ ಬರೆದಿದೆ. ಖಾಲಿ ಅಂದರೆ ನಡುವೆ ಕರೆಂಟ್ ಕಂಬ ಇಲ್ಲದ, ಚರಂಡಿ ಚಪ್ಪಡಿ ಎದ್ದು ನಿಲ್ಲದ, ಬೈಕು ನಿಲ್ಲಿಸದ ಜಾಗ. ಇವೆರಡು ಫುಟ್‌ಪಾತ್ ಒಂದಕ್ಕೊಂದು ಎಲ್ಲಿ ಸೇರುತ್ತವೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬೇಕು. ಸೇತುವೆಯ ಫುಟ್‌ಪಾತ್ ಮುಗಿದ ಜಾಗದಲ್ಲಿ ಹುಲ್ಲು, ಜಲ್ಲಿ ರಾಶಿ, ಅದರಾಚೆ ಓಡುವ ಟ್ಯಾಂಕರ್ ಅಂತಾದರೆ ಕಾಸರಕೋಡಿನಿಂದ ನಡೆದು ಬರುವವರು ಎಲ್ಲಿಗೆ ಹೋಗಬೇಕು?

ಇನ್ನು ಫ್ಲೈಓವರ್. ನಾನು ಅದರ ವಿರೋಧಿ ಅಲ್ಲ. ಆದರೆ ಫ್ಲೈಓವರ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಬರುತ್ತವೆ. ಒಂದು ಕಂಬಗಳ ಮೇಲೆ ನಿಲ್ಲುವುದು. ಇನ್ನೊಂದು ಎರಡೂ ಬದಿ ಕಾಂಕ್ರೀಟ್ ಗೋಡೆ ಎಬ್ಬಿಸಿ, ನಡುವೆ ಮಣ್ಣು ತುಂಬಿ, ಸರ್ಕಲ್ ಇರುವಲ್ಲಿ ಮಾತ್ರ ಒಂದು ಕಿಂಡಿ ಬಿಡುವುದು. ಎರಡನೆಯದಕ್ಕೆ ಖರ್ಚು ಕಮ್ಮಿ, ಹಾಗಾಗಿ ಸಣ್ಣ ಊರಿಗೆ ಅದೇ ಬರುವ ಸಾಧ್ಯತೆ ಜಾಸ್ತಿ. ಒಂದು ಸಣ್ಣ ಲೆಕ್ಕ ಹಾಕೋಣ. ದೊಡ್ಡ ವಾಹನ ದಾಟಬೇಕಾದರೆ ಕೆಳಗೆ 5.5 ಮೀಟರ್ ಎತ್ತರ ಬಿಡಬೇಕು. ಅದರ ಮೇಲೆ ತೊಲೆ, ಚಪ್ಪಡಿ ಸೇರಿ ಸುಮಾರು ಎರಡು ಮೀಟರ್. ಅಂದರೆ ಮೇಲಿನ ರಸ್ತೆ ಏಳೂವರೆ ಮೀಟರ್ ಎತ್ತರದಲ್ಲಿ ಇರುತ್ತದೆ. ಹೆದ್ದಾರಿಯ ಸಾಮಾನ್ಯ ಏರು ನೂರು ಮೀಟರಿಗೆ ಎರಡೂವರೆ ಮೀಟರ್. ಅಷ್ಟು ಎತ್ತರ ಏರಲಿಕ್ಕೆ ಒಂದು ಕಡೆಗೆ 300 ಮೀಟರ್, ಎರಡೂ ಕಡೆ ಸೇರಿ 600 ಮೀಟರ್ ಬೇಕು. ಅದನ್ನು ಮಣ್ಣಿನ ಗೋಡೆಯಲ್ಲಿ ಕಟ್ಟಿದರೆ ಆ 600 ಮೀಟರಿನಲ್ಲಿ ಈಚೆಯವರು ಆಚೆ ಹೋಗುವ ಹಾಗೇ ಇಲ್ಲ. ಎದುರಿನ ಮೆಡಿಕಲ್ ಶಾಪಿಗೆ ಹೋಗಲಿಕ್ಕೂ ಸುತ್ತು ಹಾಕಬೇಕು. ವಯಸ್ಸಾದವರು ಅಷ್ಟು ನಡೆಯುವುದಿಲ್ಲ, ಅವರು ಹೊರಗೆ ಬರುವುದನ್ನೇ ಬಿಡುತ್ತಾರೆ.

ಇದು ನಾನು ಸುಮ್ನೆ ಊಹಿಸಿ ಹೇಳುತ್ತಿರುವುದಲ್ಲ. ಕುಂದಾಪುರ ದೂರವೇನಿಲ್ಲ, ಹೋಗಿ ನೋಡಿ ಬರಬಹುದು. ಅಲ್ಲಿ ಚತುಷ್ಪಥದ ಕೆಲಸ ಶುರುವಾದದ್ದು 2010ರಲ್ಲಿ, ಶಾಸ್ತ್ರಿ ಸರ್ಕಲ್‌ನ ಫ್ಲೈಓವರ್ ಮೇಲೆ ಗಾಡಿ ಓಡಿದ್ದು 2021ರಲ್ಲಿ. ಆ ಹನ್ನೊಂದು ವರ್ಷ ಆ ಊರಿನ ವ್ಯಾಪಾರಿಗಳು, ಶಾಲೆ ಮಕ್ಕಳು ಧೂಳು ಕುಡಿದರು, ಮಳೆಗಾಲದಲ್ಲಿ ಕೆಸರು ತುಳಿದರು. ಈಗ ಮೇಲೆ ಹೋಗುವವರಿಗೆ ಸುಖ ಇದೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಏರು ಶುರುವಾಗುವ ಕಡೆ ಗೋಡೆಯ ಪಕ್ಕ ನಿಂತು ನೋಡಿದರೆ ಪೇಟೆ ಎರಡು ಹೋಳಾದದ್ದು ಕಾಣುತ್ತದೆ. ಅದೇ ಕಲ್ಲಡ್ಕಕ್ಕೆ ಹೋಗಿ ನೋಡಿ. ಅದೂ ಹೆದ್ದಾರಿ ಬದಿಯ ಸಣ್ಣ ಪೇಟೆಯೇ. ಅಲ್ಲಿ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಕಂಬಗಳ ಮೇಲೆ ಕಟ್ಟಿದ್ದಾರೆ, 2025ರಲ್ಲಿ ಸಂಚಾರಕ್ಕೆ ಬಿಟ್ಟರು. ಕಟ್ಟುವಷ್ಟು ಕಾಲ ಅವರೂ ಪಡಬಾರದ ಪಾಡು ಪಟ್ಟರು, ಆದರೆ ಮುಗಿದ ಮೇಲೆ ಕೆಳಗಿನ ಪೇಟೆ ಈ ಬದಿಯಿಂದ ಆ ಬದಿಗೆ ತೆರೆದುಕೊಂಡೇ ಉಳಿದಿದೆ. ಕೆ.ಟಿ. ಅಂದರೆ ಕಲ್ಲಡ್ಕ ಟೀ ಕುಡಿಯಲಿಕ್ಕೆ ಅಲ್ಲಿ ಇಳಿದವರು ಒಮ್ಮೆ ಆ ಕಂಬಗಳ ನಡುವೆ ನಡೆದು ನೋಡಲಿ. ಕಲ್ಲಡ್ಕಕ್ಕೆ ಆಗಬಹುದಾದದ್ದು ಹೊನ್ನಾವರಕ್ಕೆ ಯಾಕೆ ಆಗಬಾರದು?

ಫ್ಲೈಓವರ್ ಬಂದರೆ ಸರ್ಕಲ್ ಖಾಲಿಯಾಗುತ್ತದೆ ಅನ್ನುವ ನಂಬಿಕೆಯನ್ನೂ ಸ್ವಲ್ಪ ಪರೀಕ್ಷೆ ಮಾಡಬೇಕು. ಕುಮಟಾ ಕಡೆಯಿಂದ ಭಟ್ಕಳಕ್ಕೆ ನೇರ ಹೋಗುವವರು ಮೇಲೆ ಹೋಗುತ್ತಾರೆ, ಸರಿ. ಆದರೆ ಸಾಗರದ ಕಡೆ ತಿರುಗುವವರು, ಪೇಟೆಗೆ ಬರುವವರು, ಟೆಂಪೊ, ರಿಕ್ಷಾ, ಬಸ್ಸು, ಎಲ್ಲರೂ ಕೆಳಗೇ ಉಳಿಯುತ್ತಾರೆ. ಆ ತಿರುಗುವವರು ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದಕ್ಕೇ ಎಣಿಕೆ ಮುಖ್ಯ. ಯಾವ ದಿನ ಎಣಿಸಿದಿರಿ? ಸಂತೆ ದಿನವೋ, ಖಾಲಿ ದಿನವೋ? ಸಂಕಷ್ಟಿಗೆ ಇಡಗುಂಜಿಗೆ ಹೋಗುವ ಗಾಡಿಗಳ ಲೆಕ್ಕ ಬಂತೋ ಇಲ್ಲವೋ? ಜೋಗದಲ್ಲಿ ನೀರು ತುಂಬಿ ಧುಮುಕುವ ಮಳೆಗಾಲದ ಭಾನುವಾರ ಬಂತೋ? ಟ್ರಾಲರ್‌ಗಳು ಕಡಲಿಗೆ ಇಳಿಯದ ಜೂನ್, ಜುಲೈಯಲ್ಲಿ ಎಣಿಸಿದರೆ ಮೀನಿನ ಲಾರಿಗಳೇ ಲೆಕ್ಕಕ್ಕೆ ಸಿಗುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಕೇಳಬೇಕಾದದ್ದು, ಕಾಲ್ನಡಿಗೆಯವರನ್ನು ಎಣಿಸಿದಿರೋ ಇಲ್ಲವೋ? ವಾಹನ ಎಣಿಸುವವನು ಕ್ಯಾಮೆರಾ ಹಾಕಿ ಕೂರುತ್ತಾನೆ, ಡಿವೈಡರ್ ಹತ್ತಿ ಇಳಿಯುವ ಅಜ್ಜಿಗೆ ಲೆಕ್ಕದಲ್ಲಿ ಜಾಗ ಸಿಗುವುದಿಲ್ಲ.

ಕೆಲವರು ಗಾಡಿಗಳು ಸುತ್ತು ಹಾಕಿ ಹೋಗುವ ದೊಡ್ಡ ವೃತ್ತ (ರೌಂಡ್‌ಅಬೌಟ್) ಮಾಡಿ ಸಾಕು ಅನ್ನುತ್ತಾರೆ. ಅದೂ ತೆಗೆದು ಹಾಕುವ ಮಾತಲ್ಲ. ಸರಿಯಾಗಿ ಕಟ್ಟಿದ ವೃತ್ತದಲ್ಲಿ ಎಲ್ಲ ಗಾಡಿಯೂ ನಿಧಾನ ಆಗಲೇಬೇಕು, ಮುಖಾಮುಖಿ ಡಿಕ್ಕಿ ತುಂಬಾ ಕಮ್ಮಿಯಾಗುತ್ತದೆ. ಆದರೆ ಗಂಟೆಗೆ ಸುಮಾರು 3,000 ವಾಹನಕ್ಕಿಂತ ಜಾಸ್ತಿ ಬಂದರೆ ವೃತ್ತ ತಡೆಯುವುದಿಲ್ಲ ಅಂತ ರಸ್ತೆ ಕಾಂಗ್ರೆಸ್‌ನ 1976ರ ಮಾರ್ಗಸೂಚಿ ಹೇಳಿತ್ತು, ಉದ್ದ ಟ್ರೈಲರ್ ಲಾರಿ ತಿರುಗಲಿಕ್ಕೆ ಜಾಗವೂ ಬೇಕು. ಇದನ್ನೂ ಎಣಿಕೆಯೇ ಹೇಳಬೇಕು, ನಾನು ನೀವು ಚಹಾದಂಗಡಿಯಲ್ಲಿ ಕೂತು ತೀರ್ಮಾನ ಮಾಡಲಿಕ್ಕಾಗದು.

ಹಳೇ ಸೇತುವೆಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರು ಯಾರೂ ನಿರಾಳವಾಗಿ ಮಾತಾಡಲಾರರು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ಹಗಲು ಹೊತ್ತಿನಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲಿಕ್ಕೂ ಭಯ. ಅದಕ್ಕೆ ಮೂರು ವಾರ ಮೊದಲಷ್ಟೇ, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಜರಿದು ಜೀವಗಳು ಹೋಗಿದ್ದವು. 2018ರ ಜೂನ್‌ನಲ್ಲಿ ಬಂಟ್ವಾಳದ ಮೂಲಾರಪಟ್ಣ ಸೇತುವೆ ಬಿದ್ದಿತ್ತು. ಕಾಳಿಯಲ್ಲೂ ಹೊಸ ಸೇತುವೆ ಪಕ್ಕದಲ್ಲೇ ಇತ್ತು, ಹಳೆಯದರ ಮೇಲೂ ಗಾಡಿ ಓಡುತ್ತಲೇ ಇತ್ತು. ಅದಕ್ಕೇ ಕೇಳುತ್ತಿದ್ದೇನೆ, ನಮ್ಮ ತಾಲೂಕಿನ ಪ್ರತಿ ಹಳೇ ಸೇತುವೆಯ ತಪಾಸಣೆ ವರದಿ, ಮಳೆಗಾಲದ ಮೊದಲಿನದ್ದು ಮತ್ತು ನಂತರದ್ದು, ಜನರ ಕೈಗೆ ಸಿಗಬೇಕು. ಎಷ್ಟು ಟನ್ ಹೊರುತ್ತದೆ, ನೀರಿನೊಳಗಿನ ಕಂಬದ ಬುಡ ಹೇಗಿದೆ, ಮರಳು ತೆಗೆದ ಜಾಗದಲ್ಲಿ ಬುಡ ಕೊರೆದಿದೆಯೋ ಇಲ್ಲವೋ, ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ. ಮೇಲೆ ಡಾಂಬರು ಹಾಕಿ ಕಟಾಂಜನಕ್ಕೆ ಬಣ್ಣ ಬಳಿದರೆ ಸೇತುವೆ ಗಟ್ಟಿಯಾಗುವುದಿಲ್ಲ.

ಬೈಪಾಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಟ್ಯಾಂಕರ್‌ಗಳು ಊರ ಹೊರಗೆ ಹೋಗಲಿ ಅನ್ನುವ ಆಸೆ ನನಗೂ ಇದೆ. 2015ರಲ್ಲಿ ಕುಮಟಾದ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ ಜನ ಬೆಂದು ಸತ್ತದ್ದನ್ನು ಮರೆಯಲಿಕ್ಕಾಗುತ್ತದಾ? ಆದರೆ ಬೈಪಾಸ್ ಅಂದರೆ ಶರಾವತಿಗೆ ಇನ್ನೊಂದು ಸೇತುವೆ, ಅಡಿಕೆ ತೋಟ, ಗದ್ದೆ, ಮನೆ ಕಳೆದುಕೊಳ್ಳುವ ಇನ್ನಷ್ಟು ಜನ. ಹೋಗುವುದಾದರೆ ಅವರನ್ನು ಕೂರಿಸಿಕೊಂಡು ಮಾತಾಡಿ ಹೋಗಬೇಕು.

ಮಾತಾಡುವುದು ಅಂದೆನಲ್ಲ, ಅಲ್ಲೇ ಇರುವುದು ದೊಡ್ಡ ತೊಡಕು. ಹೆದ್ದಾರಿಗೆ ಜಾಗ ತೆಗೆದುಕೊಳ್ಳುವಾಗ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಲ್ಲಿ ಪ್ರಕಟಣೆ ಬರುತ್ತದೆ. ಅದರ ಸಾರ ಎರಡು ಸ್ಥಳೀಯ ಪತ್ರಿಕೆಯಲ್ಲೂ ಬರಬೇಕು, ಅವುಗಳಲ್ಲಿ ಒಂದು ಜನರ ಭಾಷೆಯ ಪತ್ರಿಕೆ ಆಗಿರಬೇಕು. ನಿಮ್ಮ ಪುಟಗಳಲ್ಲೂ ಅಂಥವನ್ನು ನೋಡಿದ್ದೇವೆ, ಸಣ್ಣ ಅಕ್ಷರದಲ್ಲಿ ಬರೀ ಸರ್ವೆ ನಂಬರುಗಳ ಸಾಲು. ಆಕ್ಷೇಪಣೆಗೆ 21 ದಿನ. ಅದೂ ಯಾರಿಗೆ? ಆ ಜಾಗದಲ್ಲಿ ಹಕ್ಕಿರುವವರಿಗೆ. ಜಾಗ ಕಳೆದುಕೊಳ್ಳುವವರಿಗೆ ಪರಿಹಾರ ಬೇಕು, 2015ರಿಂದ ಹೊಸ ಭೂಸ್ವಾಧೀನ ಕಾಯ್ದೆಯ ಪ್ರಕಾರವೇ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನಾ ಆ ರಸ್ತೆ ದಾಟುವ ಬಾಡಿಗೆ ಮನೆಯವರು, ಮೀನು ಮಾರುವವರು, ಹಾಸ್ಟೆಲಿನ ಮಕ್ಕಳು, ಇವರ ಹೆಸರಿನಲ್ಲಿ ಸರ್ವೆ ನಂಬರೇ ಇಲ್ಲ. ಪರಿಸರ ಅನುಮತಿಯ ಸಾರ್ವಜನಿಕ ಸಭೆಯಲ್ಲಾದರೂ ಹೇಳೋಣ ಅಂದರೆ, ಇರುವ ಹೆದ್ದಾರಿಯನ್ನು ಅಗಲ ಮಾಡುವ ಕೆಲಸಕ್ಕೆ ಆ ನಿಯಮ ತಟ್ಟುವುದು ಉದ್ದ 100 ಕಿಲೋಮೀಟರ್ ದಾಟಿದಾಗ, ಮತ್ತು ಹೊಸದಾಗಿ ಬೇಕಾದ ಅಗಲವೂ ಮಿತಿ ಮೀರಿದಾಗ. ಒಂದು ಸರ್ಕಲ್, ಒಂದು ಫ್ಲೈಓವರ್‌ಗೆ ಅಂಥ ಸಭೆ ಬರುವುದೇ ಇಲ್ಲ. ಹೀಗಾಗಿ ಊರಿನ ನಡು ರಸ್ತೆ ಮುಂದಿನ ಐವತ್ತು ವರ್ಷ ಹೇಗಿರಬೇಕು ಅನ್ನುವುದು ಟೆಂಡರ್ ಆಗಿ ಜೆಸಿಬಿ ಬಂದು ನಿಂತ ಮೇಲೆ ಊರಿಗೆ ಗೊತ್ತಾಗುತ್ತದೆ. ಆಗ ಕೂಗಿದರೆ "ಡಿಸೈನ್ ಫೈನಲ್ ಆಗಿದೆ" ಅನ್ನುತ್ತಾರೆ.

ಕಾನೂನು ಕಡ್ಡಾಯ ಮಾಡಿಲ್ಲ ಅಂದಮಾತ್ರಕ್ಕೆ ಮಾಡಬಾರದು ಅಂತೇನಿಲ್ಲವಲ್ಲ. ಪಟ್ಟಣ ಪಂಚಾಯ್ತಿ ಒಂದು ವಿಶೇಷ ಸಭೆ ಕರೆಯಲಿ, ಕಾಸರಕೋಡು ಮತ್ತು ಕರ್ಕಿ ಪಂಚಾಯ್ತಿಯವರನ್ನೂ ಸೇರಿಸಿಕೊಳ್ಳಲಿ. ಹೆದ್ದಾರಿ ಇಲಾಖೆಯ ಎಂಜಿನಿಯರು ನಕ್ಷೆ ಹಿಡಿದುಕೊಂಡು ಬರಲಿ. ಸಭೆ ಸಂಜೆ ಇಡಿ, ಅಂಗಡಿಯವರಿಗೂ ಕೂಲಿಯವರಿಗೂ ಬರಲಿಕ್ಕಾಗುತ್ತದೆ. ಸಭೆಗೆ ಮೊದಲು ಎಂಜಿನಿಯರ ಜೊತೆ ಒಂದಷ್ಟು ಜನ ಸೇತುವೆಯಿಂದ ಸರ್ಕಲ್‌ವರೆಗೆ ನಡೆದು ಬರಲಿ, ಆಗಬಹುದಾದರೆ ಮಳೆ ಹೊಯ್ಯುವ ದಿನವೇ. ಆರಿದ್ರಾ ಮಳೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಹರಿದು ಯಾರ ಅಂಗಡಿಗೆ ನುಗ್ಗುತ್ತದೆ ಅಂತ ಅಲ್ಲಿಯವರು ಬೆರಳು ಮಾಡಿ ತೋರಿಸುತ್ತಾರೆ. ಕರಾವಳಿಯಲ್ಲಿ ಅಂಡರ್‌ಪಾಸ್ ಮಾಡಿದರೆ ಮಳೆಗಾಲದಲ್ಲಿ ಅದು ಕೆರೆ ಆಗುವುದನ್ನು ನೋಡಿ ನೋಡಿ ಸಾಕಾಗಿದೆ. ನೀರು ಹೊರಹಾಕುವ ಪಂಪಿಗೆ ಕರೆಂಟು ಯಾರು ಕೊಡುತ್ತಾರೆ, ಬಿಲ್ಲು ಯಾರು ಕಟ್ಟುತ್ತಾರೆ ಅನ್ನುವುದೂ ಸಭೆಯಲ್ಲೇ ತೀರ್ಮಾನ ಆಗಲಿ. ಅಂಡರ್‌ಪಾಸಿನ ಎತ್ತರ ನಾಲ್ಕು ಮೀಟರೋ ಐದೂವರೆಯೋ ಅಂತಲೂ ಕೇಳಬೇಕು. ಒಣಹುಲ್ಲಿನ ಲಾರಿ, ದೋಣಿ ಹೇರಿದ ಲಾರಿ ನಾಲ್ಕು ಮೀಟರಿನಲ್ಲಿ ತೂರುವುದಿಲ್ಲ.

ಕೆಲಸ ನಡೆಯುವಾಗಿನ ವ್ಯವಸ್ಥೆಯೂ ಅದೇ ನಕ್ಷೆಯಲ್ಲಿ ಇರಲಿ. ತಾತ್ಕಾಲಿಕ ಬಸ್ ನಿಲ್ದಾಣ ಎಲ್ಲಿ, ಆಂಬ್ಯುಲೆನ್ಸ್ ಯಾವ ದಾರಿಯಲ್ಲಿ ಹೋಗಬೇಕು, ರಾತ್ರಿ ಗುಂಡಿಯ ಸುತ್ತ ದೀಪ ಹಚ್ಚುವವರು ಯಾರು, ಯಾವ ತಿಂಗಳಲ್ಲಿ ಯಾವ ಭಾಗ ಮುಗಿಯುತ್ತದೆ. ಕುಂದಾಪುರದ ಹನ್ನೊಂದು ವರ್ಷ ಇಲ್ಲಿ ಮತ್ತೆ ಆಗುವುದು ಬೇಡ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಕೇಳಿಕೆ. ಫ್ಲೈಓವರ್ ಬೇಡಿಕೆಯ ಸುದ್ದಿ ಬಂದಾಗಲೆಲ್ಲ ಮನವಿ ಕೊಡುವವರ ಫೋಟೊ ಹಾಕುತ್ತೀರಿ. ಮುಂದಿನ ಸಲ ನಕ್ಷೆಯನ್ನೇ ಕೇಳಿ ಪಡೆದು ಅರ್ಧ ಪುಟದಲ್ಲಿ ಅಚ್ಚು ಹಾಕಿ. ಕಂಬ ಎಲ್ಲಿ, ಗೋಡೆ ಎಲ್ಲಿ, ದಾಟುವ ಜಾಗ ಎಲ್ಲಿ, ಫುಟ್‌ಪಾತ್ ಎಷ್ಟು ಅಗಲ ಅಂತ ಕನ್ನಡದಲ್ಲಿ ಗುರುತು ಮಾಡಿ ಹಾಕಿ. ಕೊಡುವುದಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿಕ್ಕೆ ನಾವು ನಾಲ್ಕೈದು ಜನ ಇಲ್ಲಿ ತಯಾರಿದ್ದೇವೆ, ಸಿಕ್ಕಿದ ಮೇಲೆ ನಿಮ್ಮ ಕಚೇರಿಗೆ ತಂದು ಕೊಡುತ್ತೇವೆ.

ಇಂತಿ,
ನಿಮ್ಮ ಓದುಗ, ಹೊನ್ನಾವರ